ಫಿನಿಷಿಂಗ್ ಕೊಟ್ಟ ಬಂದೂಕು

ಡೆಂಕಣಿಕೋಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಹೊಸೂರಿನ ಫ್ಯಾಕ್ಟರಿಯೊಂದರಿಂದ ನಿವೃತ್ತರಾದ ಸೂಪರ್‌ವೈಸರ್. ನಿವೃತ್ತಿ ಸಿಕ್ಕಿದ್ದು ಫ್ಯಾಕ್ಟರಿಗೆ ಮಾತ್ರ, ನಮ್ಮ ಬೀದಿಗಲ್ಲ. ಯಾರ ಮನೆಯ ಗೇಟು ಕಂಡರೂ, ಯಾರ ಮನೆಯ ತಪ್ಪಲೆ ಕಂಡರೂ ಮೊದಲು ಮೀಸೆ ಸವರಿಕೊಂಡು, ಆಮೇಲೆ ತೀರ್ಪು ಕೊಡುತ್ತಿದ್ದರು: “ಫಿನಿಷಿಂಗ್ ಇಲ್ಲ ಕಣ್ಲಾ.”

ನಮ್ಮ ಅಟ್ಟದಲ್ಲಿ ತಾತನ ಮಿಲಿಟರಿ ಬಂದೂಕು ತುಕ್ಕು ಹಿಡಿದು ಬಿದ್ದಿತ್ತು. ಗುಂಡು ಹಾರದಂತೆ ಅದರ ನಳಿಗೆಯನ್ನು ಎಂದೋ ಮುಚ್ಚಿಸಿದ್ದರು. ತನ್ನಪ್ಪ ಯಾವ ಪಲ್ಟನ್ನಿನಲ್ಲಿದ್ದ ಎಂದು ತಿಳಿಯುವ ಆಸೆ ಅಮ್ಮನಿಗೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದಾಗ ತುಕ್ಕಿನಡಿ ಬ್ರಿಟಿಷರ ಕಿರೀಟದ ಮುದ್ರೆ, ಪಲ್ಟನ್ನಿನ ಹೆಸರಿರಬಹುದಾದ ಅರ್ಧಂಬರ್ಧ ಅಕ್ಷರಗಳು ಕಂಡವು.

“ಕೊಡಕ್ಕಾ, ಕ್ಲೀನ್ ಮಾಡಿ ಯಾವ ಪಲ್ಟನ್ದು ಅಂತ ಹೇಳ್ಬುಡ್ತೀನಿ,” ಎಂದು ಪಕ್ಕದ ಮನೆಯ ಸೂಪರ್‌ವೈಸರ್ ಹೊತ್ತೊಯ್ದರು.

ವಾರದ ಮೇಲೆ ತಂದರು. ಕಬ್ಬಿಣ ಸ್ಟೀಲ್ ಲೋಟದಂತೆ ಥಳಥಳಿಸುತ್ತಿತ್ತು. ಹಿಡಿಯ ಮರಕ್ಕೆ, ಬಾಗಿಲಿಗೆ ಬಳಿಯುವ ವಾರ್ನಿಷ್. ಅಮ್ಮ ಕನ್ನಡಕ ಹಾಕಿಕೊಂಡು, ಬೆರಳಾಡಿಸಿ ಹುಡುಕಿದಳು.

“ಇಲ್ಲಿ ಅಕ್ಷರ ಇದ್ವಲ್ಲಣ್ಣಾ?”

“ಅವಾ? ಬರೀ ಗೀರು ಕಣಕ್ಕಾ. ಗ್ರೈಂಡರ್ ಇಟ್ಟು ತೆಗ್ದಾಕ್ಬುಟ್ಟೆ.”

“ಮತ್ತೆ ಯಾವ ಪಲ್ಟನ್ದು?”

“ಪಲ್ಟನ್ ಏನ್ ಬಂತು? ಸುಲ್ತಾನ್ರ ಕಾಲದ್ದು ಇದು. ನೋಡಿದ್ರೇ ಗೊತ್ತಾಗಲ್ವಾ?”

“ನಮ್ಮಪ್ಪಂದು ಅಣ್ಣಾ ಅದು,” ಎಂದಳು ಅಮ್ಮ, ಮೆಲ್ಲಗೆ.

ಅವರಿಗೆ ಅದು ಕೇಳಿಸಲಿಲ್ಲ. ಬಂದೂಕನ್ನು ಅವಳ ಕೈಯಿಂದ ತೆಗೆದುಕೊಂಡು, ಕಿರೀಟವಿದ್ದ ಜಾಗವನ್ನು ಬೆಳಕಿಗೆ ಹಿಡಿದು, ಅದರಲ್ಲೇ ಮುಖ ನೋಡಿಕೊಂಡು ಮೀಸೆ ತಿದ್ದಿಕೊಂಡರು.