ಬೂದುಗುಂಬಳ ಮತ್ತು ಅಂಬ್ರೆಲಾ ವಿಮೆ

ಆಯುಧಪೂಜೆಯ ಬೆಳಗ್ಗೆ ಅಮೆರಿಕದ ಟೊರೆನ್ಸ್‌ನಲ್ಲಿ, ಅಪ್ಪನ ಗೆಳೆಯ ರಘು ಅಂಕಲ್ ಹೊಸ ಕಾರಿನ ಮುಂದೆ ಒಡೆದು ಊರಿನ ರೂಢಿಯಂತೆ ಫುಟ್‌ಪಾತಿನಲ್ಲೇ ಬಿಟ್ಟಿದ್ದ ಬೂದುಗುಂಬಳದ ಹೋಳಿನ ಮೇಲೆ ಕಾಲಿಟ್ಟು, ಎದುರುಮನೆಯ ಅಜ್ಜಿ ಜಾರಿ ಬಿದ್ದರು. ಏಳಲಾಗಲಿಲ್ಲ. ಅಂಕಲ್ ಓಡಿ ಬಂದು ನೆಲದಲ್ಲೇ ಕುಳಿತು, ಅವರ ಕೈ ಹಿಡಿದು, ತಪ್ಪು ನಮ್ಮದೇ ಎಂದರು.

“ಅಂಕಲ್, ಒಪ್ಕೋಬೇಡಿ! ಕೇಸ್ ಹಾಕಿದ್ರೆ ಮನೆನೇ ಹೋಗುತ್ತೆ” ಎಂದು ಕನ್ನಡದಲ್ಲಿ ಪಿಸುಗುಟ್ಟಿದೆ.

“ನಿನ್ನ ಡಿಬೇಟ್ ಆಮೇಲೆ ಕಣಮ್ಮ. ಮೊದಲು ಆಂಬ್ಯುಲೆನ್ಸ್ ಕರಿ, ಒಳಗಿಂದ ಒಂದು ಕಂಬಳಿ ತಾ.”

ನಮ್ಮಿಂದ ಯಾರಿಗಾದರೂ ಪೆಟ್ಟಾಗಿ, ಪರಿಹಾರವು ಮನೆ ಅಥವಾ ಕಾರಿನ ವಿಮೆಯ ಮಿತಿ ದಾಟಿದರೆ ಉಳಿದದ್ದನ್ನು ಭರಿಸುವುದು ಅಂಬ್ರೆಲಾ ವಿಮೆ. ಅಂಕಲ್ ಅದನ್ನು ಮಾಡಿಸಿದಾಗ, ಭಯದ ವ್ಯಾಪಾರವೆಂದು ಅವರ ಊಟದ ಮೇಜಿನ ಮುಂದೆಯೇ ವಾದಿಸಿದ್ದವಳು ನಾನು. ಅಜ್ಜಿಯ ಸೊಂಟದ ಮೂಳೆ ಮುರಿದಿತ್ತು. ಅವರ ಮಗ ಪರಿಹಾರಕ್ಕಾಗಿ ವಕೀಲರನ್ನು ಹಿಡಿದ. ಮನೆಯ ವಿಮೆ ಸಾಲದಾದಾಗ ಅಂಬ್ರೆಲಾ ಕೈಹಿಡಿಯಿತು. ಮನೆ ಉಳಿಯಿತು.

“ಆ ಪಾಲಿಸಿ ಇಲ್ದಿದ್ರೆ ನಾನೂ ನಿನ್ನ ಹಾಗೆ ಹೆದರ್ಕೊಂಡು ಪಿಸುಗುಟ್ತಿದ್ನೇನೋ” ಎಂದು ಅಂಕಲ್ ಆಮೇಲೆ ನಕ್ಕರು.

ವಿಮಾ ಕಂಪನಿಗಳೊಂದಿಗೆ ನನ್ನ ಜಗಳ ಇನ್ನೂ ಮುಗಿದಿಲ್ಲ. ಆದರೆ ಆಂಬ್ಯುಲೆನ್ಸ್ ಬರುವವರೆಗೂ ಅಜ್ಜಿಯ ಕೈ ಬಿಡದೆ ಕುಳಿತಿದ್ದ ಅಂಕಲ್‌ರ ಆ ನಿರ್ಭಯಕ್ಕೆ ನನ್ನಲ್ಲಿ ಇಂದಿಗೂ ಪ್ರತಿವಾದವಿಲ್ಲ.