ಹೊಳಲ್ಕೆರೆಯ ಅರ್ಜಿಯಲ್ಲಿರುವ ಹೆಬ್ಬೆಟ್ಟು

೧೯೭೪ರ ಬೇಸಿಗೆಯಲ್ಲಿ ಹೊಳಲ್ಕೆರೆಯ ನಮ್ಮ ಬೀದಿಯವರು ಕೊಟ್ಟ ಅರ್ಜಿಯಲ್ಲಿ ಇಮಾಮ್ ಸಾಬರ ಹೆಸರಿನ ಮುಂದೆ ಇರುವ ಹೆಬ್ಬೆಟ್ಟು ಅವರದಲ್ಲ. ನನ್ನದು.

ಬೀದಿಯ ಕೊನೆಯಲ್ಲಿ ನೀರಿನ ಟ್ಯಾಂಕು ಕಟ್ಟಲು ಬಂಡೆ ಸಿಡಿಸುತ್ತಿದ್ದರು. ದಿನಾ ಮಧ್ಯಾಹ್ನ ಮದ್ದಿಗೆ ಬೆಂಕಿ ಇಡುವ ಮೊದಲು, ಜನ ಒಳಗೆ ಹೋಗಲೆಂದು, ಆಳೊಬ್ಬ ಸೀಮೆಎಣ್ಣೆ ಡಬ್ಬ ಬಾರಿಸುತ್ತ ಬೀದಿ ಸುತ್ತುತ್ತಿದ್ದ. ಪೂರಾ ಕಾಲು ಗಂಟೆ. ನಾನು ಪತ್ರಿಕೆಯೊಂದರ ಬಾತ್ಮೀದಾರ. ಬೆಂಗಳೂರಿನ ಟ್ರಂಕ್ ಕಾಲ್ ಸಿಗುತ್ತಿದ್ದುದು ಅದೇ ಹೊತ್ತಿಗೆ. ಸುದ್ದಿ ಓದಿ ಹೇಳಬೇಕು, ಅತ್ತಲಿನವರಿಗೆ ಏನೂ ಕೇಳದು.

"ಮದ್ದಿನ ಸದ್ದು ನಿಲ್ಸಾಕಾಗಲ್ರಿ," ಎಂದ, ನಾನು ಹೋಗಿ ಕೇಳಿದಾಗ, ಟ್ಯಾಂಕಿನ ಗುತ್ತಿಗೆದಾರ. "ಡಬ್ಬ ಬೇಕಾರೆ ನಿಲ್ಸಿ ಕೆಂಪು ಬಾವುಟ ಏರಿಸ್ತೀನಿ. ಆದ್ರೆ ಎಲ್ಲಾ ಮನೆಯೋರೂ ಒಪ್ಪಿರ್ಬೇಕು."

ಅರ್ಜಿ ಬರೆದವನು ನಾನೇ. ಎಲ್ಲರೂ ಸಹಿ ಹಾಕಿದರು. ಎದುರುಮನೆಯ ಇಮಾಮ್ ಸಾಬರು ಮಾತ್ರ ಹಗ್ಗ ಮಾರಲು ಚಿತ್ರದುರ್ಗಕ್ಕೆ ಹೋಗಿದ್ದರು. ಹಗ್ಗ ಹೊಸೆದು ಬದುಕುವವರು— ಹುಟ್ಟುಕುರುಡರು. ಕೇಳಿದ್ದರೆ ಒಪ್ಪುತ್ತಿರಲಿಲ್ಲ. ಅದು ಆಗಲೇ ಗೊತ್ತಿತ್ತು. ನನ್ನ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡೆ. ಬಂದ ಮೇಲೆ ಹೇಳಿದರಾಯಿತು ಎಂದು—

ಅರ್ಜಿಯನ್ನು ಅಂದೇ ಗುತ್ತಿಗೆದಾರನಿಗೆ ಕೊಟ್ಟೆ. ಸಾಬರು ಮರುದಿನ ಬೆಳಗಿನ ಬಸ್ಸಿಗೆ ಬಂದರು. ಮಧ್ಯಾಹ್ನ ಅವರು ಅಂಗಳದಲ್ಲಿ ಕೂತು ನಾರು ಹೊಸೆಯುವುದನ್ನು ಕಿಟಕಿಯಿಂದ ಕಂಡೆ. ಎದ್ದು ಹೋಗಬೇಕು ಅನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ಇವತ್ತು ಎಷ್ಟು ಚೆನ್ನಾಗಿ ಕೇಳ್ತಿದೆ ಕಣ್ರೀ! ನಿಮ್ಮ ವಾದ್ಯದವನಿಗೆ ರಜಾನಾ?"

ನಾನು ನಕ್ಕೆ. ಆಗ ಬಂಡೆ ಸಿಡಿಯಿತು. ಹಾರಿ ಬಂದ ಕಲ್ಲು ಇಮಾಮ್ ಸಾಬರ ಬಲಗೈ ಮಣಿಕಟ್ಟನ್ನು ಜಜ್ಜಿಹಾಕಿತು.

ಆಸ್ಪತ್ರೆಯಲ್ಲಿ ಗುತ್ತಿಗೆದಾರ ಅರ್ಜಿ ಬಿಚ್ಚಿದ. "ಡಬ್ಬ ಬ್ಯಾಡ, ಬಾವುಟ ಸಾಕು ಅಂತ ನೀನೇ ಒತ್ತೀಯಲ್ಲೋ ಸಾಬಿ. ಇನ್ನೆಲ್ಲಿ ಪರಿಹಾರ?"

ಇಮಾಮ್ ಸಾಬರು ನಾನಿದ್ದ ಕಡೆಗೆ ಮುಖ ತಿರುಗಿಸಿದರು. "ಕಣ್ಣಿಲ್ದೋನು ಬಾವುಟ ಕೇಳ್ತೀನೇನ್ರಿ? ಸ್ವಾಮಿ, ನೀವು ಪೇಪರ್ನೋರು. ನೀವೇ ಹೇಳ್ರಿ."

"ನನಗೆ ನೆನಪಿಲ್ಲ ಸಾಬ್ರೇ," ಎಂದೆ.

ನಿಜ ಹೇಳಿದರೆ ಕಳ್ಳಸಹಿ ಮಾಡಿದವನಾಗುತ್ತಿದ್ದೆ, ಕೆಲಸ ಹೋಗುತ್ತಿತ್ತು. ಹೇಳದಿದ್ದರೆ— ಎದುರುಮನೆ ಎದುರೇ ಇರುತ್ತದೆ. ಪತ್ರಿಕೆಗೆ ಆರು ಸಾಲು ಬರೆದೆ: ಆಕಸ್ಮಿಕ. ಅದನ್ನು ಫೋನಿನಲ್ಲಿ ಓದುವಾಗ ಡಬ್ಬದ ಸದ್ದು ಮತ್ತೆ ಶುರುವಾಗಿತ್ತು. ಅತ್ತಲಿನವರು ಆ ಒಂದು ಪದವನ್ನು ಮೂರು ಸಲ ಕೂಗಿ ಹೇಳಿಸಿದರು.

ಆ ಕೈ ಮತ್ತೆ ಹಗ್ಗ ಹೊಸೆಯಲಿಲ್ಲ. ಮಗಳು ಅವರನ್ನು ಹಿರಿಯೂರಿಗೆ ಕರೆದುಕೊಂಡು ಹೋದಳು. ಅಲ್ಲೇ ತೀರಿಕೊಂಡರು.

ಹೋದ ತಿಂಗಳು ಇದನ್ನೆಲ್ಲ ಬರೆದು ಆ ಮಗಳಿಗೆ ಅಂಚೆಯಲ್ಲಿ ಕಳಿಸಿದೆ. ಪರಿಹಾರ ಕೇಳಿದಾಗ ಅವಳಿಗೆ ಸಿಕ್ಕಿದ್ದ ಅರ್ಜಿಯ ನಕಲಿನೊಂದಿಗೆ ಹೋಲಿಸಿ ನೋಡಲೆಂದು ಸಹಿಯ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದ್ದೇನೆ. ಉತ್ತರ ಬಂದಿಲ್ಲ.