ಕರಿಗುಂಡಿನ ರಕ್ಕಸರೂ ಕಾಟಮ್ಮನ ಕಂಬಳಿಯೂ

ಮತ್ತೋಡಿನ ಕಾಟಮ್ಮ ಕಂಬಳಿ ನೇಯುವವಳು. ಗಂಡ ಜುಂಜಯ್ಯ ಸತ್ತ ಮೇಲೆ ಅವನ ಮಗ್ಗದ ಕುಣಿಗೆ ತಾನೇ ಇಳಿದವಳು. ೧೯೭೪ರ ಬೇಸಿಗೆಯಲ್ಲಿ ಅವಳು ಗುಡ್ಡದಾಚೆಯ ಕರಿಗುಂಡಿಗೆ ಹೊರಟಾಗ ಊರವರು ಮುಖ ತಿರುಗಿಸಿಕೊಂಡರು.

ಕರಿಗುಂಡು ರಕ್ಕಸರ ಪಟ್ಟಣ. ಸುತ್ತಲಿನ ನೇಗಿಲುಗಳ ತುದಿಯ ಕಬ್ಬಿಣದ ಗುಳವೆಲ್ಲ ಅಲ್ಲಿನ ಕುಲುಮೆಗಳಿಂದ ಬರುತ್ತಿತ್ತು, ಬದಲಿಗೆ ಇಲ್ಲಿಂದ ರಾಗಿ ಹೋಗುತ್ತಿತ್ತು. ಊರಿಗೆ ಗುಳ ಬೇಕು, ರಕ್ಕಸರು ಬೇಡ. ರಕ್ಕಸರಿಗೂ ರಾಗಿ ಬೇಕು, ಮನುಷ್ಯರ ಮುಖ ಬೇಡ. ಆದರೆ ಹೊದೆಯಲು ಕಂಬಳಿ ಬೇಕಿತ್ತು, ಅವರ ದಪ್ಪ ಬೆರಳಿಗೆ ನೂಲು ನಿಲ್ಲುತ್ತಿರಲಿಲ್ಲ. ಹಾಗಾಗಿ ಒಬ್ಬ ನೇಕಾರ್ತಿಯನ್ನು ಒಳಗೆ ಬಿಟ್ಟುಕೊಂಡರು.

ಅಲ್ಲಿ ಕುಲುಮೆಯೇ ಮನೆ. ಪ್ರತಿ ಕುಲುಮೆಗೂ ಒಬ್ಬಳು ಯಜಮಾನಿ. ತೋಳಿನ ಮೇಲೆ ಎಷ್ಟು ಸುಟ್ಟ ಕಲೆಯೋ ಅಷ್ಟು ಮರ್ಯಾದೆ. ಕಲೆ ಹೆಚ್ಚಿದ್ದವರು ಮೊದಲು ಉಣ್ಣುವರು, ಸಂತೆಯಲ್ಲಿ ಮೊದಲು ಆರಿಸುವರು, ಮಾತನ್ನೂ ಅವರೇ ಮೊದಲು ಆಡುವರು. ಕಾಟಮ್ಮನ ತೋಳು ನುಣ್ಣಗಿತ್ತು. ಅವಳ ಪಾಲಿಗೆ ತಳ ಹತ್ತಿದ ಮುದ್ದೆ, ಎಲ್ಲರೂ ಮೊಗೆದಾದ ಮೇಲಿನ ರಾಡಿ ನೀರು. ದಾರಿಯಲ್ಲಿ ಕಂಡರೆ, "ಕುರಿ ಬಂತು" ಎಂದು ಉಗಿಯುತ್ತಿದ್ದರು. ಅವಳೂ ಹಿಂದಿನಿಂದ ಉಗಿಯುತ್ತಿದ್ದಳು.

ಮಗ್ಗದ ಪಕ್ಕದ ಕುಲುಮೆಯಲ್ಲಿ ಮಸಿಯಕ್ಕ ಎಂಬ ರಕ್ಕಸಿ ತಿದಿ ಒತ್ತುತ್ತಿದ್ದಳು. ಕಿಡಿ ಸಿಡಿದು ಅವಳ ಒಂದು ಕಣ್ಣು ಹೋಗಿತ್ತು; ತೋಳಲ್ಲಿ ಮಾತ್ರ ಕಲೆ ಕಡಿಮೆ, ಹಾಗಾಗಿ ಊಟಕ್ಕೆ ಕೊನೆಯ ಸಾಲು. ಮುಖಕ್ಕೆ, ಬೆನ್ನಿಗೆ ಕಿಡಿ ತಾಗಿ ಅವಳು ದಿನವಿಡೀ ನರಳುವುದನ್ನು ಕೇಳಲಾರದೆ ಕಾಟಮ್ಮ ಒಂದು ಕಂಬಳಿಯನ್ನು ಅವಳತ್ತ ಎಸೆದಳು.

"ನಿನ್ನ ನರಳಾಟ ಕೇಳಿ ಕೇಳಿ ತಲೆ ಕೆಟ್ಟೈತೆ. ಇದನ್ನ ನೀರಾಗೆ ಅದ್ದಿ ಹೊದ್ಕಾ."

ಒದ್ದೆ ಉಣ್ಣೆಯ ಮೇಲೆ ಕಿಡಿ ಬಿದ್ದಲ್ಲೇ ಸತ್ತಿತು. ಮೂರು ತಿಂಗಳಲ್ಲಿ ಆ ಕುಲುಮೆಯವರೆಲ್ಲ ಕಂಬಳಿ ಹೊದ್ದರು. ಸುಟ್ಟುಕೊಂಡು ಮಲಗುವವರಿಲ್ಲದೆ ಗುಳದ ರಾಶಿ ಬೆಳೆಯಿತು. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದವರ ತೋಳಲ್ಲಿ ಕಲೆಯೇ ಮೂಡಲಿಲ್ಲ. ಊಟದ ಸಾಲಿನಲ್ಲಿ ಯಾರು ಮುಂದೆ ಎಂದು ಜಗಳ ಹತ್ತಿ ಇಬ್ಬರ ಹಲ್ಲು ಉದುರಿದವು.

ಆ ಕುಲುಮೆಯ ಯಜಮಾನಿ ಕೆಂಡಕ್ಕ ಕಾಟಮ್ಮನನ್ನು ಸಂತೆ ಬಯಲಿಗೆ ಎಳೆಸಿದಳು.

"ನಮ್ಮ ಮಕ್ಳ ತೋಳೂ ನಿನ್ನಂಗೇ ನುಣ್ಣಗಾಗ್ಯಾವೆ. ನಾಳೆ ಯಾರು ಹಿರೇರು? ಯಾರ ಮಾತು ಯಾರು ಕೇಳ್ಬೇಕು?"

"ಸುಟ್ಕಂಡೋರೇ ದೊಡ್ಡೋರು ಅನ್ನಾದಾದ್ರೆ ಮಸಿಯಕ್ಕಂಗೆ ಕಣ್ಣೇ ಸುಟ್ಟೈತಲ್ರಿ. ಅವಳಿಗ್ಯಾಕೆ ಕೊನೇ ಸಾಲು?" ಎಂದಳು ಕಾಟಮ್ಮ.

"ಕಣ್ಣು ಲೆಕ್ಕಕ್ಕಿಲ್ಲ. ತೋಳು ಮಾತ್ರ."

ಮಗ್ಗ ಮುರಿಯುವ ಕೆಲಸವನ್ನು ಕೆಂಡಕ್ಕ ಮಸಿಯಕ್ಕನಿಗೇ ಹಚ್ಚಿದಳು. ಮಸಿಯಕ್ಕ ತಲೆಯೆತ್ತದೆ ಸುತ್ತಿಗೆ ಬೀಸಿದಳು. ಅಂದು ಅವಳಿಗೆ ಎರಡನೆಯ ಸಾಲಿನಲ್ಲಿ ಊಟ ಸಿಕ್ಕಿತು. ಕಂಬಳಿಗಳೆಲ್ಲ ಕುಲುಮೆಗೆ ಬಿದ್ದವು. ಆ ಕಮಟು ವಾಸನೆ ಮೂಗಿನಲ್ಲಿ ಇರುವಂತೆಯೇ ಕಾಟಮ್ಮ ಗುಡ್ಡ ಇಳಿದಳು.

ಮತ್ತೋಡಿನಲ್ಲಿ ಏಕಾಂತಪ್ಪ ದಾರಿಗೆ ಅಡ್ಡ ನಿಂತ. ಗುಳ ತರಿಸಿ ಹಂಚುತ್ತಿದ್ದವನು ಅವನೇ.

"ಉಳೋ ಕಾಲಕ್ಕೆ ಸರಿಯಾಗಿ ಗುಳ ಬರಾದು ನಿಂತೈತೆ. ನಿನ್ನ ಮ್ಯಾಲಿನ ಸಿಟ್ಟಿಗೆ ರಕ್ಕಸರು ಗಾಡಿ ತಡೆದವ್ರೆ. ಈ ಊರಾಗೆ ನಿನಗೆ ಜಾಗ ಇಲ್ಲ."

ಊರವರು ತಮ್ಮ ತಮ್ಮ ಬಾಗಿಲು ಹಾಕಿಕೊಂಡರು. ಕಾಟಮ್ಮ ಆದಿವಾಲದ ತಂಗಿ ನಾಗಕ್ಕನ ಮನೆಗೆ ಹೋಗಿ, ಹಿತ್ತಿಲಲ್ಲಿ ಹೊಸ ಮಗ್ಗಕ್ಕೆ ಕುಣಿ ತೋಡತೊಡಗಿದಳು.

"ಆ ರಕ್ಕಸರ ಮ್ಯಾಲೆ ಸಿಟ್ಟಿಲ್ಲೇನಕ್ಕ?" ಎಂದಳು ನಾಗಕ್ಕ.

"ಐತೆ. ನಮ್ಮೂರೋರ ಮ್ಯಾಲೆ ಇನ್ನೂ ಜಾಸ್ತಿ ಐತೆ."

ಮಳೆಗಾಲ ಕಳೆಯಿತು. ಗುಳದ ಗಾಡಿ ಮತ್ತೆ ಓಡತೊಡಗಿತು. ಹಿರಿಯೂರು ಸಂತೆಯಲ್ಲಿ ಕಾಟಮ್ಮ ಕಂಬಳಿ ಮಾರುತ್ತ ಕೂತಿದ್ದಾಗ, ಆ ಗಾಡಿ ಹೊಡೆಯುವ ರಂಗಯ್ಯ ಅವಳ ಹತ್ತಿರ ಬಂದು ಕೂತ.

"ಕರಿಗುಂಡಿಗೆ ನಾಕು ಕಂಬಳಿ ಬೇಕಂತೆ. ಕೆಂಡಕ್ಕಂಗೆ ಗೊತ್ತಾಗ್ಬಾರ್ದು. ಯಾರು ಕೇಳಿದ್ದು ಅಂತ ನನ್ನ ಕೇಳ್ಬ್ಯಾಡ."

"ಬೇಕಾದೋರು ಇಲ್ಲಿಗೇ ಬಂದು, ನನ್ನ ಮುಖ ನೋಡಿ ಕೇಳ್ಲಿ. ನೀನು ಎದ್ದೇಳಪ್ಪ, ಗಿರಾಕಿ ನಿಂತವ್ರೆ."

ರಂಗಯ್ಯ ಗೊಣಗುತ್ತ ಎದ್ದುಹೋದ. ಕಾಟಮ್ಮ ಒಂದು ಕರಿ ಕಂಬಳಿ ಬಿಚ್ಚಿ ಎದುರಿಗಿದ್ದ ಹೆಂಗಸಿನ ಕೈಗೆ ಕೊಟ್ಟಳು.